ಇಂಜಿನ್ ಮಗುಚುವ ಸ್ಟ್ಯಾಂಡು

೧೧ ನವೆಂಬರ್ ೧೯೮೨, ಗುರುವಾರ

ಆನೇಕಲ್ಲಿನ ನಮ್ಮ ತಿಮ್ಮಕ್ಕನಿಗೆ ಕಾಗದ ಬರೆಯೋಣ ಅಂತ ಕೂತೆ. “ಇಲ್ಲಿ ನಾವೆಲ್ಲ ಕ್ಷೇಮ” ಅಂತ ಬರೆದೆ, ಮುಂದಕ್ಕೆ ಪೆನ್ನು ಹೋಗಲಿಲ್ಲ. ನಿಜ ಬರೆದರೆ ಅಕ್ಕ ಅಳ್ತಾ ಬಸ್ಸು ಹತ್ತಿ ಬಂದುಬಿಡ್ತಾಳೆ. ಆಮೇಲೆ ಅವಳನ್ನ ಸಮಾಧಾನ ಮಾಡೋ ಕೆಲಸವೂ ನನ್ನ ತಲೆ ಮೇಲೆ. ಅದಕ್ಕೆ ಅವಳಿಗೆ ಎರಡು ಸಾಲು ಸುಳ್ಳು ಬರೆದು ಅಂಟಿಸಿಟ್ಟು, ನಿಜಾನ ಇಲ್ಲಿ ಬರೀತಿದೀನಿ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದ ಡೈರಿ, ಇಷ್ಟು ದಿನ ಖಾಲಿ ಬಿದ್ದಿತ್ತು.

ಯಜಮಾನರನ್ನ ಮೊನ್ನೆ ಆಸ್ಪತ್ರೆಯಿಂದ ಕರ್ಕೊಂಡು ಬಂದ್ವಿ. ಲಕ್ವ. ಬಲಗೈ, ಬಲಗಾಲು ಎರಡೂ ಸ್ವಾಧೀನದಲ್ಲಿಲ್ಲ. ಮಾತು ಅರ್ಧರ್ಧ ಬರುತ್ತೆ, ಅದೂ ನನಗೊಬ್ಬಳಿಗೇ ಅರ್ಥ. ದಸರಾ ಆದ ಮೇಲೆ ಪರಮಶಿವಯ್ಯನವರ ಅಂಬಾಸಿಡರ್ ಟ್ಯಾಕ್ಸಿಯ ಇಂಜಿನ್ನನ್ನ ಚೈನ್ ಪುಲ್ಲಿಯಲ್ಲಿ ಎತ್ತಿ, ಷೆಡ್ಡಿನಲ್ಲಿ ಹಳೇ ಲಾರಿ ಟೈರಿನ ಮೇಲೆ ಇಳಿಸಿ, “ಸೊಣ್ಣೀ, ನೀರು ಕೊಡು” ಅಂದರು. ನಾನು ಚೊಂಬು ತರೋದರೊಳಗೆ ಕುಸಿದು ಕೂತಿದ್ದರು. ಇಂಜಿನ್ ಇವತ್ತಿಗೂ ಆ ಟೈರಿನ ಮೇಲೇ ಇದೆ. ಕೆಲಸಕ್ಕಿದ್ದ ಇಬ್ಬರೂ ಬೇರೆ ಗ್ಯಾರೇಜು ನೋಡ್ಕೊಂಡರು. ತಪ್ಪೇನಿಲ್ಲ, ಅವರಿಗೂ ಹೊಟ್ಟೆಪಾಡು.

ಇವತ್ತು ಭಾವನವರು, ಯಜಮಾನರ ಅಣ್ಣ ಚಿಕ್ಕಬೈರಪ್ಪನವರು, ಬಂದಿದ್ದರು. ಷೆಡ್ಡು ಯಜಮಾನರು ಕಟ್ಟಿದ್ದು, ಜಾಗ ಭಾವನವರ ಹೆಸರಲ್ಲಿದೆ. ಜಗಲಿ ಮೇಲೆ ಕೂತು ಗಟ್ಟಿಯಾಗಿ ಹೇಳಿದರು: “ನೋಡು ಮುನಿಯ, ಆಗಿದ್ದು ಆಯ್ತು. ಸಾರಕ್ಕಿ ಸಂತೆಗೆ ಈರುಳ್ಳಿ ತರೋನೊಬ್ಬ ಗೋಡೌನ್ ಕೇಳ್ತಿದಾನೆ. ಷೆಡ್ಡು ಅವನಿಗೆ ಕೊಡೋಣ. ನೀವಿಬ್ಬರೂ ಗಿರಿನಗರದಲ್ಲಿ ನಿಮ್ಮ ಮಗಳು ಜಯದೇವಿ ಮನೆಯಲ್ಲಿ ಆರಾಮಾಗಿರಿ.” ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಭಾವನವರ ಎದುರು ನಿಂತು ಮಾತಾಡೋ ಪದ್ಧತಿ ನಮ್ಮಲ್ಲಿಲ್ಲ, ನಾನು ಬಾಗಿಲ ಹಿಂದೆ ಇದ್ದೆ. ಯಜಮಾನರು ಗೋಡೆ ಕಡೆ ತಿರುಗಿದರು. ರಾತ್ರಿ ಮುದ್ದೆ ಮುಟ್ಟಲಿಲ್ಲ. ಇವರ ಕುರ್ಚಿ ಯಾವಾಗಲೂ ಷೆಡ್ಡಿಗೆ ಎದುರಾಗಿ ಇರುತ್ತೆ. ಅಲ್ಲಿ ಈರುಳ್ಳಿ ಮೂಟೆ ಕಂಡ ದಿನ ಈ ಮನುಷ್ಯ ಉಳಿಯೋದಿಲ್ಲ.

೧೬ ನವೆಂಬರ್, ಮಂಗಳವಾರ

ಹೇಳಿಬಿಟ್ಟೆ. ಭಾವ ಮತ್ತೆ ಬಂದಿದ್ದರು, ಬಾಗಿಲ ಹಿಂದಿನಿಂದಲೇ ಹೇಳಿದೆ. “ಭಾವ, ಆ ಅಂಬಾಸಿಡರ್ ಇಂಜಿನ್ ನಾನು ಬಿಚ್ಚಿ ಕಟ್ತೀನಿ. ಅಲ್ಲಿವರೆಗೂ ಷೆಡ್ಡು ಯಾರಿಗೂ ಕೊಡಬೇಡಿ.”

ಭಾವ ಎಲೆ ಅಡಿಕೆ ಹಾಕ್ಕೊಳ್ತಿದ್ದವರು ಹಾಗೇ ನಿಂತರು. “ಹೆಂಗಸರು ಇಂಜಿನ್ ಕಟ್ಟಿದರೆ ಗಂಡಸರು ಏನ್ ಮಾಡೋಣಮ್ಮ, ಹೆರಿಗೆಗೆ ಹೋಗೋಣವಾ?” ಅಂತ ನಕ್ಕರು. ಅವರ ಜೊತೆ ಬಂದಿದ್ದವರೂ ನಕ್ಕರು.

“ಇಪ್ಪತ್ತು ವರ್ಷದಿಂದ ಸೀಮೆಎಣ್ಣೆಯಲ್ಲಿ ಪಾರ್ಟು ತೊಳೆದವಳು ನಾನು. ವಾಲ್ವ್ ತಿಕ್ಕಿದವಳೂ ನಾನೇ. ಇವರು ಕೈ ಚಾಚಿದರೆ ಯಾವ ಸ್ಪ್ಯಾನರ್ ಅಂತ ಕೇಳದೇ ಕೊಡ್ತಿದ್ದೆ.”

“ಕೊಡೋದು ಬೇರೆ, ತಿರುಗಿಸೋದು ಬೇರೆ.” ಆಮೇಲೆ ತಮ್ಮನ ಮುಖ ನೋಡಿದರೋ ಏನೋ, ದನಿ ಇಳಿಸಿ ಹೇಳಿದರು. “ಆಯ್ತು. ಸಂಕ್ರಾಂತಿವರೆಗೂ ಟೈಮ್. ಅಷ್ಟರೊಳಗೆ ಆ ಕಾರು ನಿನ್ನ ಕೈಯಿಂದ ಹೊರಟರೆ ನಾನು ಷೆಡ್ಡಿನ ಮಾತೇ ಎತ್ತಲ್ಲ. ಹೊರಡದಿದ್ದರೆ ನೀನೂ ಮಾತಾಡಬಾರದು.”

ಒಪ್ಪಿಕೊಂಡೆ.

೨೪ ನವೆಂಬರ್, ಬುಧವಾರ

ಆಗಲಿಲ್ಲ.

ಇಂಜಿನ್ನಿನ ಮೇಲ್ಗಡೆ ಕೆಲಸ ಕೂತಲ್ಲೇ ಮಾಡಬಹುದು. ಆದರೆ ಕ್ರ್ಯಾಂಕು, ಬೇರಿಂಗು ಎಲ್ಲ ಇರೋದು ಅದರ ಹೊಟ್ಟೆಯಲ್ಲಿ. ಅದಕ್ಕೆ ಇಂಜಿನ್ನನ್ನ ಬೋರಲು ಹಾಕಬೇಕು, ಮತ್ತೆ ಎತ್ತಬೇಕು, ಮತ್ತೆ ಬೋರಲು. ಒಂದು ಇಂಜಿನ್ ಕಟ್ಟೋದರೊಳಗೆ ಎಷ್ಟು ಸಲ ಮಗುಚಬೇಕೋ ಲೆಕ್ಕವಿಲ್ಲ. ಇವರಿದ್ದಾಗ ಇಬ್ಬರು ಹಾರೆ ಕೊಟ್ಟು “ಐಸಾ” ಅನ್ನೋರು, ಇವರು ಟೈರು ಸರಿಸೋರು. ಇವತ್ತು ಭಾವನ ಮನೆ ಆಳುಗಳನ್ನ ಕರೆದೆ. ಹಾಲು ಕರೆದಾಯ್ತು, ಹುಲ್ಲು ಹಾಕಾಯ್ತು, ಮಧ್ಯಾಹ್ನಕ್ಕೆ ಬಂದರು. ಅರ್ಧ ಎತ್ತಿದ್ದಾಗ ಒಬ್ಬನಿಗೆ ಸೀನು ಬಂತು. ಇಂಜಿನ್ ಟೈರಿನಿಂದ ಜಾರಿ ನೆಲಕ್ಕೆ ಬಿತ್ತು, ತಳದ ಎಣ್ಣೆ ತಟ್ಟೆ ನೆಗ್ಗಿ ಹೋಯ್ತು. ನಾನು ಕಾಲು ಎಳ್ಕೊಳ್ಳದಿದ್ದರೆ ಅದೂ ಹೋಗ್ತಿತ್ತು.

“ನಾಳೆ ಬರೋಕಾಗಲ್ಲಕ್ಕ, ರಾಗಿ ಕುಯ್ಲು” ಅಂತ ಹೊರಟೇ ಹೋದರು.

ರಾತ್ರಿ ಕಾವಲಿ ಮೇಲೆ ದೋಸೆ ಮಗುಚ್ತಾ ಕಣ್ಣಲ್ಲಿ ನೀರು ಬಂತು. ಹೊಗೆ ಅಂದೆ ಇವರಿಗೆ.

೨೯ ನವೆಂಬರ್, ಸೋಮವಾರ

ಇವತ್ತು ಒಂದು ಕಂಡೆ!

ಜೆ.ಪಿ. ನಗರದ ಕಡೆ ಮದ್ದಿನಂಗಡಿಗೆ ಹೋಗಿದ್ದೆ. ದಾರಿಯಲ್ಲಿ ಒಂದು ದೊಡ್ಡ ಮನೆಯ ತಾರಸಿಗೆ ಮೋಲ್ಡ್ ಹಾಕ್ತಿದ್ದರು. ಕಾಂಕ್ರೀಟ್ ಕಲಸೋ ಮಿಷನ್ನು ಗಡಗಡ ಅಂತಿತ್ತು. ಅದರ ಡ್ರಮ್ಮಿನ ತುಂಬ ಜಲ್ಲಿ, ಮರಳು, ಸಿಮೆಂಟು. ನಾಲ್ಕು ಗಂಡಸರು ಸೇರಿದರೂ ಅಲುಗದಷ್ಟು ಭಾರ. ಪಕ್ಕದಲ್ಲಿ ಒಬ್ಬ ತಮಿಳು ಹೆಂಗಸು, ನನ್ನಷ್ಟೂ ಇಲ್ಲ ಗಾತ್ರ, ಸೆರಗು ಸಿಕ್ಕಿಸ್ಕೊಂಡು ಒಂದು ಚಕ್ರ ಹಿಡಿದು ತಿರುಗಿಸಿದಳು ನೋಡಿ. ಅಷ್ಟು ದೊಡ್ಡ ಡ್ರಮ್ಮು ತಲೆ ಬಗ್ಗಿಸಿ ಎಲ್ಲ ಸುರಿದು, ಮತ್ತೆ ತಲೆ ಎತ್ತಿತು.

ಅಲ್ಲೇ ನಿಂತುಬಿಟ್ಟೆ. ಅವಳು ನನ್ನನ್ನ ನೋಡಿ “ಎನ್ನಮ್ಮಾ, ವೇಲೆ ಬೇಕಾ?” ಅಂದಳು, ಕೆಲಸ ಬೇಕಾ ಅಂತ. “ಬೇಡಮ್ಮ, ಇನ್ನೊಂದು ಸಲ ತಿರುಗಿಸು” ಅಂದೆ. ಹುಚ್ಚಿ ಅಂದ್ಕೊಂಡಿರಬೇಕು. ತಿರುಗಿಸಿದಳು ಮಾತ್ರ.

ಭಾರ ಹೊತ್ತಿದ್ದು ಅವಳಲ್ಲ, ಡ್ರಮ್ಮಿನ ಎರಡು ಪಕ್ಕದ ಗೂಟ. ಇಂಜಿನ್ನಿಗೂ ಹಾಗೊಂದು ಗೂಟ ಇದ್ದರೆ, ನೆಲದಿಂದ ಎತ್ತರಕ್ಕೆ, ನನ್ನ ಸೊಂಟದ ಮಟ್ಟಕ್ಕೆ? ಇವರಿಗೆ ಕೈಯಾಡಿಸಿ ತೋರಿಸಿದೆ. ಮೊದಲು “ಹೂಂ” ಅಂದರು. ಆಮೇಲೆ ಊಟ ಮಾಡ್ತಾ ಮಾಡ್ತಾ ಇನ್ನೊಂದು ಸಲ ತಾವಾಗೇ “ಹೂಂ” ಅಂದರು. ಎರಡನೇ ಹೂಂ ಬೇರೆ ಥರ ಇತ್ತು.

೩ ಡಿಸೆಂಬರ್, ಶುಕ್ರವಾರ

ಬನಶಂಕರಿಯ ಸಂಜೀವಯ್ಯನನ್ನ ಕರೆಸಿದೆ. ಗೇಟು, ಕಿಟಕಿ ಗ್ರಿಲ್ಲು ವೆಲ್ಡಿಂಗ್ ಮಾಡೋನು, ಒಳ್ಳೆ ಕೈ, ಬಾಯಿ ಮಾತ್ರ ಸ್ವಲ್ಪ ಉದ್ದ.

“ಅಕ್ಕ, ನಾನು ಗೇಟು ಮಾಡೋನು. ಇಂಜಿನ್ನಿಗೆಲ್ಲ ನಮ್ಮದು ಸಹವಾಸ ಇಲ್ಲ. ಡ್ರಾಯಿಂಗ್ ಕೊಡಿ, ನೋಡ್ತೀನಿ.”

“ಪೇಪರ್ ಮೇಲೆ ಬರೆಯೋಕೆ ಬರಲ್ಲಪ್ಪ. ನೆಲದ ಮೇಲೆ ಬರುತ್ತೆ.”

ಷೆಡ್ಡಿನ ನೆಲ ಗುಡಿಸಿ, ರಂಗೋಲಿ ಡಬ್ಬಿ ತಂದು ಕೂತೆ. ಇಂಜಿನ್ನಿನ ಅಳತೆ ದಾರದಲ್ಲಿ ತೆಗೆದಿಟ್ಟಿದ್ದೆ. ಇರೋ ಗಾತ್ರಕ್ಕೇ ಎಳೆದೆ. ನೆಲದ ಮೇಲೆ ಉದ್ದಕ್ಕೆ ಎರಡು ಕಾಲು, ಹಿಂದೆ ಅಡ್ಡ ಒಂದು. ಅದರ ಮೇಲೆ ನೆಟ್ಟಗೆ ಕಂಬ. ಕಂಬದ ತಲೆಯಲ್ಲಿ ಮಲಗಿಸಿದ ದಪ್ಪ ಪೈಪು, ಅದರೊಳಗೆ ತಿರುಗೋ ಸಣ್ಣ ಪೈಪು. ಸಣ್ಣ ಪೈಪಿನ ಮೂತಿಗೆ ಒಂದು ದಪ್ಪ ತಗಡು, ತಗಡಿನಿಂದ ನಾಲ್ಕು ಕೈ. ಆ ಕೈಗಳನ್ನ ಇಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸ್ ಕೂರೋ ಜಾಗಕ್ಕೆ, ಬೋಲ್ಟ್ ಹಾಕೋದು. ತಿರುಗಿಸೋಕೆ ಒಂದು ಉದ್ದನೆ ಹಿಡಿ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸೋಕೆ ಎರಡೂ ಪೈಪು ತೂರಿ ಒಂದು ಪಿನ್ನು.

ಸಂಜೀವಯ್ಯ ಸುತ್ತ ತಿರುಗಿ ನೋಡಿದ. “ಸಖತ್ತಾಗಿದೆ ಅಕ್ಕ. ಮಧ್ಯದಲ್ಲಿ ಒಂದು ಕಮಲಾನೂ ಹಾಕಿಬಿಡಿ.”

“ಕೆಲಸ ಮುಗಿಸು, ನಿನ್ನ ಮಗಳ ಮದುವೆಗೆ ಕಮಲ ಹಾಕ್ತೀನಿ.”

ಆಮೇಲೆ ತಮಾಷೆ ಬಿಟ್ಟು, ಮಂಡಿಯೂರಿ, ನನ್ನ ಗೆರೆ ಮೇಲೆ ತನ್ನ ಟೇಪು ಹಿಡಿದ. ಅಳತೆ ಅಂಗೈ ಮೇಲೆ ಬರ್ಕೊಂಡ. ಷೆಡ್ಡಿಗೆ ಯಾರೂ ಕಾಲಿಡಬಾರದು ಅಂತ ಬಾಗಿಲಿಗೆ ಅಡ್ಡ ಮಣೆ ಇಟ್ಟಿದೀನಿ. ಕೋಳಿ ನುಗ್ಗಿದರೆ ಒಂದು ಕಾಲು ಹೋಗುತ್ತೆ ಸ್ಟ್ಯಾಂಡಿಗೆ.

೬ ಡಿಸೆಂಬರ್, ಸೋಮವಾರ

ಪರಮಶಿವಯ್ಯನವರು ಬಂದಿದ್ದರು. ಕಪ್ಪು ಪಂಚೆ, ಕೊರಳಲ್ಲಿ ಮಾಲೆ, ಬರಿಗಾಲು. ಶಬರಿಮಲೆಗೆ ಮಾಲೆ ಹಾಕಿದಾರೆ. ಜಯನಗರದ ನಾಲ್ಕು ಜನ ಸ್ವಾಮಿಗಳನ್ನ ತಮ್ಮ ಟ್ಯಾಕ್ಸಿಯಲ್ಲೇ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದಾರಂತೆ. ಜನವರಿ ಹತ್ತನೇ ತಾರೀಕು ಹೊರಡಬೇಕು.

ಪುಲ್ಲಿಯಲ್ಲಿ ಎತ್ತಿ ಮತ್ತೆ ಟೈರಿನ ಮೇಲೆ ಕೂರಿಸಿದ್ದ ಇಂಜಿನ್ ನೋಡಿದರು. ಮುಖ ಕೆಂಪಾಯ್ತು. ಕಣ್ಣು ಮುಚ್ಚಿದರು. “ಸ್ವಾಮಿಯೇ ಶರಣಮಯ್ಯಪ್ಪ. ಸ್ವಾಮಿಯೇ ಶರಣಮಯ್ಯಪ್ಪ. ಸೊಣ್ಣಮ್ಮನೋರೇ, ಮಾಲೆ ಹಾಕಿರೋನು ಕೋಪ ಮಾಡ್ಕೊಬಾರದು, ಬೈಯಬಾರದು. ನಿಮ್ಮ ಪುಣ್ಯ.”

“ಹತ್ತನೇ ತಾರೀಕಿಗೆ ಕೊಡ್ತೀನಿ ಸ್ವಾಮಿ.”

“ಯಾರು ಕಟ್ತಾರೆ?”

“ನಾನು.”

ಮತ್ತೆ ಎರಡು ಸಲ ಶರಣಂ ಅಂದರು. ಆದರೆ ಇಂಜಿನ್ ಬೇರೆ ಕಡೆ ತಗೊಂಡು ಹೋಗ್ತೀನಿ ಅನ್ನಲಿಲ್ಲ. ಹೋಗ್ತಾ ಇವರ ಎಡಗೈ ಹಿಡ್ಕೊಂಡು ಒತ್ತಿದರು.

೧೩ ಡಿಸೆಂಬರ್, ಸೋಮವಾರ

ಕಲಾಸಿಪಾಳ್ಯದ ಗುಜರಿಯಲ್ಲಿ ಸಂಜೀವಯ್ಯನ ಜೊತೆ ಇಡೀ ದಿನ. ಕಬ್ಬಿಣದ ಬೆಟ್ಟ. ಮುರಿದ ಲಾರಿ ಚಾಸಿಯ ತುಂಡು ಕಂಬಕ್ಕೆ ಸಿಕ್ತು. ಬೋರ್‌ವೆಲ್ಲಿನ ಹಳೇ ಪೈಪು ಸಿಕ್ತು. ಅದರೊಳಗೆ ಕೂರೋ ಇನ್ನೊಂದು ಪೈಪು ಹುಡುಕೋಕೆ ಮಧ್ಯಾಹ್ನವಾಯ್ತು. ಒಂದು ಸಡಿಲ, ಒಂದು ಬಿಗಿ. ಕೊನೆಗೆ ನಾನೇ ಒಂದನ್ನ ತೂರಿಸಿ ತಿರುಗಿಸಿದೆ, ಬೀಸೋಕಲ್ಲಿನ ಗೂಟದ ಹಾಗೆ ನುಣ್ಣಗೆ ತಿರುಗಿತು. “ಇದೇ” ಅಂದೆ. ಗುಜರಿ ಸಾಬರು “ಅಮ್ಮನಿಗೆ ಮಾಲು ಗೊತ್ತು” ಅಂದರು. ಗೊತ್ತಿಲ್ಲದೆ ಏನು.

ಮನೆಗೆ ಬಂದು ಇವರನ್ನ ಕೇಳಿದೆ: ತಿರುಗೋ ಪೈಪು ಇಂಜಿನ್ನಿನ ಯಾವ ಜಾಗಕ್ಕೆ ನೇರವಾಗಿರಬೇಕು? ಕೇಳೋದೇ ಬೇಡ ಅನ್ನೋ ಹಾಗೆ ಎಡಗೈ ಬೆರಳಿನಲ್ಲಿ ಕ್ರ್ಯಾಂಕಿನ ನಡುಮಧ್ಯ ತೋರಿಸಿದರು. “ಹೊಕ್... ಕುಳು.” ಕ್ರ್ಯಾಂಕು ಇಂಜಿನ್ನಿನ ಹೊಕ್ಕುಳು, ಎಲ್ಲ ಸುತ್ತೋದು ಅಲ್ಲಿಂದಲೇ, ಇದು ಇವರ ಹಳೇ ಮಾತು. ಆಯುಧಪೂಜೆಗೆ ನಾವು ಕುಂಕುಮ ಇಡೋದೂ ಅಲ್ಲಿಗೇ. ಸಂಜೀವಯ್ಯನೂ “ಸುತ್ತೋ ಜಾಗವೇ ಸೆಂಟರ್ರು, ಸರಿ” ಅಂದ. ಅಳತೆ ಹಾಗೇ ಇಟ್ವಿ.

೧೮ ಡಿಸೆಂಬರ್, ಶನಿವಾರ

ಕರೆಂಟಿಲ್ಲ. ಕರೆಂಟು ಬಂದರೆ ಸಂಜೀವಯ್ಯ ಇಲ್ಲ. ಸಂಜೀವಯ್ಯ ಬಂದರೆ ಕರೆಂಟಿಲ್ಲ. ಹೇಗೋ ಇವತ್ತು ಎರಡೂ ಒಟ್ಟಿಗೆ ಬಂದು ವೆಲ್ಡಿಂಗ್ ಮುಗೀತು. ರಂಗೋಲಿ ಗೆರೆ ಮೇಲೇ ಕಬ್ಬಿಣ ಇಟ್ಟು ಬೆಸೆದ. ಕಂಬದ ತುದಿಯಲ್ಲಿ ಏನೋ ಸುರುಳಿ ಸುರುಳಿ ಕಾಣ್ತು.

“ಇದೇನಯ್ಯ?”

“ಹೂವು ಅಕ್ಕ. ಇಪ್ಪತ್ತು ವರ್ಷ ಗ್ರಿಲ್ ಮಾಡಿದ ಕೈ, ಹೂವು ಇಲ್ಲದೆ ನಿಲ್ಲಲ್ಲ.”

ಇರಲಿ ಅಂದೆ. ಸೋಮವಾರ ಇಂಜಿನ್ ಹತ್ತಿಸೋದು. ಭಾವನವರಿಗೂ ಹೇಳಿ ಕಳಿಸಿದೀನಿ, ನೋಡಲಿ.

೨೦ ಡಿಸೆಂಬರ್, ಸೋಮವಾರ

ಎಲ್ಲರ ಮುಂದೆ ಮಾನ ಹೋಯ್ತು.

ಚೈನ್ ಪುಲ್ಲಿಯಲ್ಲಿ ಇಂಜಿನ್ ಎತ್ತಿ, ನಾಲ್ಕು ಬೋಲ್ಟೂ ಬಿಗಿದು, ಸರಪಳಿ ಬಿಚ್ಚಿದ್ವಿ. ನಿಂತಿತು! ನೆಲದಿಂದ ಸೊಂಟದೆತ್ತರಕ್ಕೆ, ದೇವರ ಹಾಗೆ. ಭಾವ ಕೂಡ ಬಗ್ಗಿ ನೋಡಿದರು. ನಾನು ಪಿನ್ನು ಎಳೆದು ಹಿಡಿ ಹಿಡಿದು ಒಂದಿಷ್ಟು ತಿರುಗಿಸಿದೆ ಅಷ್ಟೆ. ಇಂಜಿನ್ ಒಂದು ಗಳಿಗೆ ಯೋಚನೆ ಮಾಡಿದ ಹಾಗಿತ್ತು. ಆಮೇಲೆ ನನ್ನ ಕೈಯಿಂದ ಹಿಡಿ ಕಿತ್ಕೊಂಡು ಧಡಾರ್ ಅಂತ ತಲೆಕೆಳಗಾಯ್ತು. ಹಿಡಿ ಗಿರ್ರನೆ ಸುತ್ತಿ ಬಂದು ನನ್ನ ಮೊಳಕೈಗೆ ಹೊಡೀತು. ಒಳಗಡೆ ಉಳಿದಿದ್ದ ಕರೀ ಎಣ್ಣೆಯೆಲ್ಲ ಸಂಜೀವಯ್ಯನ ಬಿಳೀ ಷರ್ಟಿನ ಮೇಲೆ.

“ಭೇಷ್! ಶೀರ್ಷಾಸನ ಹಾಕ್ತಲ್ಲಮ್ಮ ನಿನ್ನ ಇಂಜಿನ್ನು” ಅಂದರು ಭಾವ. ಬಂದವರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು.

ಮತ್ತೆ ಮೇಲಕ್ಕೆ ತಿರುಗಿಸೋಕೆ ಮೂವರು ಬೇಕಾಯ್ತು. ಅಷ್ಟಕ್ಕೆ ಈ ಸ್ಟ್ಯಾಂಡು ಯಾಕೆ? ಸಂಜೀವಯ್ಯ ಷರ್ಟು ಹಿಂಡ್ತಾ “ಬೇಜಾರಾಗಬೇಡಿ ಅಕ್ಕ, ಯಾರಾದರೂ ಕೇಳಿದರೆ ಗೇಟ್ ಕಂಬ ಮಾಡ್ಕೊಡ್ತೀನಿ” ಅಂದ. ಒಳ್ಳೇದಕ್ಕೇ ಹೇಳಿದ, ಹೊಡೆಯೋಣ ಅನ್ನಿಸ್ತು.

ಇವರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ತಮ್ಮ ಮಾತು ಕೇಳಿಯೇ ಹೀಗಾಯ್ತು ಅಂತ.

೨೧ ಡಿಸೆಂಬರ್, ಮಂಗಳವಾರ

ಮೊಳಕೈ ಊದಿದೆ. ಅಡಿಗೆ ಮಾಡಿದೆ. ಷೆಡ್ಡಿನ ಬಾಗಿಲು ತೆಗೀಲಿಲ್ಲ.

೨೩ ಡಿಸೆಂಬರ್, ಗುರುವಾರ

ಬೆಳಿಗ್ಗೆ ಗಂಜಿ ಕುಡಿಸ್ತಿದ್ದೆ. ಇವರು ಲೋಟ ತಳ್ಳಿ “ತೂ... ತೂಗು” ಅಂದರು. ತಕ್ಕಡಿ ಬೇಕಾ ಅಂದೆ. ಅಲ್ಲ. ಉಯ್ಯಾಲೆಯಾ? ಕಣ್ಣು ಕೆಂಪಗೆ ಮಾಡಿದರು. ಮೊದಲು ಬೈಯೋವಾಗ ಮಾಡ್ತಿದ್ದ ಕಣ್ಣು! ಎಷ್ಟು ದಿನವಾಗಿತ್ತು ನೋಡಿ. ಎಡಗೈ ಎತ್ತಿ ಷೆಡ್ಡಿನ ಚೈನ್ ಪುಲ್ಲಿ ತೋರಿಸಿದರು.

ಕುರ್ಚಿ ಸಮೇತ ಇವರನ್ನ ಷೆಡ್ಡಿಗೆ ಎಳ್ಕೊಂಡು ಹೋದೆ. ಇಂಜಿನ್ನನ್ನ ಸ್ಟ್ಯಾಂಡಿನಿಂದ ಬಿಚ್ಚಿಸಿ, ಪುಲ್ಲಿಗೆ ಎಡಪಕ್ಕದ ಒಂದು ಬೋಲ್ಟಿನಿಂದ ಮಾತ್ರ ತೂಗಿಹಾಕಿಸಿದರು. ಅದು ಸೊಟ್ಟಗೆ ವಾಲಾಡಿ ವಾಲಾಡಿ ಕೊನೆಗೆ ತೆಪ್ಪಗೆ ನಿಂತಿತು. ಇವರು ಬೆರಳನ್ನ ಮೇಲಿಂದ ಕೆಳಕ್ಕೆ ನೆಟ್ಟಗೆ ಎಳೆದು ತೋರಿಸಿ “ದಾರ” ಅಂದರು.

ಅಷ್ಟು ಹೊತ್ತಿಗೆ ನನಗೂ ಹೊಳೆದಿತ್ತು. ತೂಗಿಹಾಕಿದ ಮೂಟೆ ತೆಪ್ಪಗೆ ನಿಂತರೆ ಅದರ ಭಾರವೆಲ್ಲ ಹಗ್ಗದ ನೇರಕ್ಕೆ ಬಂದಿರುತ್ತೆ. ದಾರಕ್ಕೊಂದು ನಟ್ಟು ಕಟ್ಟಿ, ದಾರಕ್ಕೆಲ್ಲ ಕುಂಕುಮ ಸವರಿ, ಬೋಲ್ಟಿನಿಂದ ಇಳಿಬಿಟ್ಟೆ. ಗಾರೆಯವರು ಮಾಡೋ ಹಾಗೆ ದಾರ ಮಿಡಿದೆ. ಇಂಜಿನ್ನಿನ ಬೆನ್ನಿನ ಮೇಲೆ ಕೆಂಪು ಗೆರೆ. ಆಮೇಲೆ ಬಲಪಕ್ಕದ ಬೋಲ್ಟಿನಿಂದ ತೂಗಿಹಾಕಿ ಇನ್ನೊಂದು ಗೆರೆ.

ಎರಡೂ ಗೆರೆ ಕೂಡಿದ್ದು ಕ್ರ್ಯಾಂಕಿನ ಹತ್ತಿರ ಅಲ್ಲ, ಅದಕ್ಕಿಂತ ನಾಲ್ಕು ಬೆರಳು ಮೇಲೆ. ಸುತ್ತೋ ಜಾಗ ಬೇರೆ, ಭಾರದ ಜಾಗ ಬೇರೆ! ನಾವು ಹೊಕ್ಕುಳಿಗೆ ಗೂಟ ಹೊಡೆದಿದ್ವಿ, ಮೇಲಿನ ಮೈಯೆಲ್ಲ ಭಾರವಾಗಿ ತಲೆ ಕೆಳಗಾಗ್ತಿತ್ತು.

ಇವರು ಆ ಗೆರೆಗಳನ್ನ ತುಂಬ ಹೊತ್ತು ನೋಡಿದರು. ತಮ್ಮದೇ ಮಾತು ಸುಳ್ಳಾಗಿದ್ದಕ್ಕೆ ಮುನಿಸ್ಕೋತಾರೆ ಅಂದ್ಕೊಂಡೆ. ಒಂದು ಕಡೆ ತುಟಿ ಮಾತ್ರ ಏಳುತ್ತೆ ಈಗ, ಆ ತುಟಿಯಲ್ಲೇ ನಕ್ಕರು. “ಎದೆ” ಅಂದರು. “ಎದೆ... ಹಿಡೀಬೇಕು.”

ಸಂಜೀವಯ್ಯನಿಗೆ ಹೇಳಿ ಕಳಿಸಿದೆ: ಗೇಟ್ ಕಂಬದ ಯೋಚನೆ ಬಿಟ್ಟು ನಾಳೆ ಹಳೇ ಷರ್ಟು ಹಾಕ್ಕೊಂಡು ಬಾ.

೨೭ ಡಿಸೆಂಬರ್, ಸೋಮವಾರ

ತಿರುಗಿತು! ತಿರುಗಿತು! ತಿರುಗಿತು!

ತಗಡಿಗೆ ಒಂದೇ ತೂತು ಬೇಡ, ಉದ್ದನೆಯ ಸೀಳು ಕೊರಿ ಅಂದಿದ್ದೆ. ಇಂಜಿನ್ನಿನ ತಲೆ ಬಿಚ್ಚಿದರೆ ಭಾರ ಕೆಳಗಿಳಿಯುತ್ತಲ್ಲ, ಆಗ ಬೋಲ್ಟ್ ಸಡಿಲಿಸಿ ಸರಿಸ್ಕೋಬಹುದು. ಸಂಜೀವಯ್ಯ “ಇದು ಎಲ್ಲಿ ಕಲಿತ್ರಿ ಅಕ್ಕ?” ಅಂದ. ಪಾಯಿಜಾಮದ ಲಾಡಿ ಹೇಗೆ ಹೊಟ್ಟೆ ಹೆಚ್ಚು ಕಮ್ಮಿ ಆದರೂ ಹೊಂದ್ಕೊಳ್ಳುತ್ತೆ ಅಂತ ಕೇಳಿದೆ. ನಗ್ತಾ ಕೊರೆಯೋಕೆ ಕೂತ.

ಕುಂಕುಮದ ಕೂಡುಗೆರೆಗೆ ಪೈಪು ನೇರ ಮಾಡಿ ಇಂಜಿನ್ ಹತ್ತಿಸಿದ್ವಿ. ಈ ಸಲ ಯಾರನ್ನೂ ಕರೆದಿರಲಿಲ್ಲ. ಪಿನ್ನು ಎಳೆಯೋವಾಗ ಸಂಜೀವಯ್ಯ ಬಾಗಿಲಾಚೆ ಹೋಗಿ ನಿಂತ. ಎಳೆದೆ. ಇಂಜಿನ್ ಅಲುಗಲಿಲ್ಲ. ಒಂದು ಕೈಯಲ್ಲಿ ಹಿಡಿ ತಳ್ಳಿದೆ, ಮಲಗಿದ ಮಗು ಮಗ್ಗುಲಾದ ಹಾಗೆ ಪಕ್ಕಕ್ಕೆ ತಿರುಗಿತು. ಬಿಟ್ಟೆ, ಅಲ್ಲೇ ನಿಂತಿತು. ಇನ್ನಷ್ಟು ತಳ್ಳಿದೆ, ಹೊಟ್ಟೆ ಮೇಲಾಯ್ತು. ಬಿಟ್ಟೆ, ನಿಂತಿತು. ಕಿರುಬೆರಳು ಹಾಕಿ ತಳ್ಳಿದೆ. ಬಂತು! ನಾಲ್ಕು ಮೂಟೆ ರಾಗಿಯಷ್ಟು ಭಾರದ ಕಬ್ಬಿಣ, ಕಿರುಬೆರಳಿಗೆ!

ಸೊಪ್ಪಿನ ಬುಟ್ಟಿ ಹೊತ್ತು ಹೋಗ್ತಿದ್ದ ಸಪ್ಪಲಮ್ಮಜ್ಜಿ ನನ್ನ ಕೂಗು ಕೇಳಿ ಏನು ಅನಾಹುತವೋ ಅಂತ ಓಡಿ ಬಂತು. ಅದರ ಕೈಯಲ್ಲೂ ತಿರುಗಿಸಿದೆ. “ಅಯ್ಯೋ, ಇಷ್ಟು ಹೇಳಿದ ಮಾತು ಕೇಳುತ್ತಾ? ನನ್ನ ಗಂಡ ಒಂದು ದಿನವೂ ಹೀಗೆ ಮಗ್ಗುಲಾದೋನಲ್ಲ ಕಣೇ” ಅಂತು. ಆಮೇಲೆ ಬೀದಿ ಹೆಂಗಸರೆಲ್ಲ ಬಂದು ಒಬ್ಬೊಬ್ಬರೂ ಒಂದೊಂದು ಸುತ್ತು ಹಾಕಿಸಿದರು. ನಮ್ಮ ಷೆಡ್ಡಿನಲ್ಲಿ ಇಷ್ಟು ಜನ ಹೆಂಗಸರು ಯಾವತ್ತೂ ನಿಂತಿರಲಿಲ್ಲ.

ತಿಮ್ಮಕ್ಕನಿಗೆ ಇವತ್ತೇ ಬರೆದೆ. ಎಲ್ಲ ಬರೆದೆ, ಲಕ್ವದಿಂದ ಹಿಡಿದು. ಅಳಲಿ ಬೇಕಾದರೆ.

೩೧ ಡಿಸೆಂಬರ್, ಶುಕ್ರವಾರ

ಮೂರು ದಿನದಲ್ಲಿ ಪೂರ್ತಿ ಬಿಚ್ಚಿದೆ. ಬ್ಲಾಕು, ಕ್ರ್ಯಾಂಕು ಎರಡನ್ನೂ ಕಡೆಯೋಕೆ ಕಲಾಸಿಪಾಳ್ಯದ ಲೇತ್ ಅಂಗಡಿಗೆ ಕಳಿಸಿದೀನಿ. ಬೆನ್ನು ನೋವಿಲ್ಲ. ನಿಂತು ಕೆಲಸ ಮಾಡೋದು ಅಂದರೆ ಇಷ್ಟು ಸುಖ ಅಂತ ಇವರು ಇಪ್ಪತ್ತು ವರ್ಷ ಕುಕ್ಕರುಗಾಲಲ್ಲಿ ಕೂತಾಗ ಯಾರಿಗೂ ಹೊಳೆಯಲಿಲ್ಲವಲ್ಲ.

೫ ಜನವರಿ ೧೯೮೩, ಬುಧವಾರ

ಬ್ಲಾಕು ಬಂತು. ಸ್ಟ್ಯಾಂಡಿಗೆ ಹತ್ತಿಸಿ ಹೊಟ್ಟೆ ಮೇಲೆ ಮಾಡಿದೆ. ಬೇರಿಂಗ್ ಕೂರಿಸ್ತಾ ಇದ್ದೆ, ಹಿಂದಿನಿಂದ “ಹೂಂ ಹೂಂ” ಅಂತ ಸದ್ದು. ಕುರ್ಚಿ ಹತ್ತಿರ ಎಳಿ ಅಂತ. ಎಳೆದೆ. ಇನ್ನೂ ಹತ್ತಿರ. ಇಂಜಿನ್ನನ್ನ ಅವರ ಕಡೆ ವಾಲಿಸಿ ಪಿನ್ನು ಹಾಕಿದೆ. ಅವರ ಎದೆಮಟ್ಟಕ್ಕೆ ಬಂತು, ಊಟದ ತಟ್ಟೆ ಇಟ್ಟ ಹಾಗೆ. ಎಡಗೈಯಲ್ಲಿ ಎಣ್ಣೆ ಹಚ್ಚಿ ಬೇರಿಂಗ್ ಇಟ್ಟರು. ಜಾರಿತು. ಮತ್ತೆ ಇಟ್ಟರು. ಕೂತಿತು. ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ಕೈ ಚಾಚಿದರು, ನನ್ನ ಮುಖ ನೋಡದೆ, ಮೊದಲಿನ ಹಾಗೆ.

ಸ್ಪ್ಯಾನರ್ ಕೊಟ್ಟೆ.

“ಇದಲ್ಲ” ಅಂದರು. ಪೂರ್ತಿ ಮಾತು!

“ಇದೇ ರೀ. ಸರಿಯಾಗಿ ನೋಡಿ” ಅಂದೆ. ನೋಡಿದರು. ಅದೇ ಆಗಿತ್ತು. ಒಂದು ಬೋಲ್ಟು ಅವರು ಬಿಗಿದರು, ಒಂದು ನಾನು. ಅವರದು ಸ್ವಲ್ಪ ಸಡಿಲವಿತ್ತು, ಆಮೇಲೆ ಬಿಗಿ ಮಾಡಿದೆ. ಅವರ ಎದುರಿಗೇ ಮಾಡಿದೆ, ಕದ್ದು ಮಾಡಿದರೆ ಅವಮಾನ. ತಲೆ ಆಡಿಸಿದರು.

ಮಧ್ಯಾಹ್ನ ಎರಡು ಮುದ್ದೆ ಉಂಡರು.

೯ ಜನವರಿ, ಭಾನುವಾರ

ಇವತ್ತು ಇಡೀ ಬೀದಿ ಇತ್ತು. ಪರಮಶಿವಯ್ಯನವರು, ನಾಲ್ಕು ಜನ ಸ್ವಾಮಿಗಳು, ಭಾವ, ಅವರ ಆಳುಗಳು, ಸಂಜೀವಯ್ಯ. ನಿನ್ನೆಯೇ ಇಂಜಿನ್ ಕಾರಿಗೆ ಇಳಿಸಿ ಎಲ್ಲ ಜೋಡಿಸಿದ್ದೆ.

ಪರಮಶಿವಯ್ಯನವರು ನಿಂಬೆಹಣ್ಣು ಇಟ್ಟು ಕೂತು ಕೀ ತಿರುಗಿಸಿದರು. ಕುಂಯ್ ಕುಂಯ್ ಕುಂಯ್, ಆಮೇಲೆ ಢಬ್ ಅಂತ ಬಾನೆಟ್ಟಿನೊಳಗಿಂದ ಬೆಂಕಿ ಉಗುಳ್ತು. ಸ್ವಾಮಿಗಳು “ಶರಣಂ” ಅಂತ ಹಿಂದಕ್ಕೆ ಹಾರಿದರು.

“ಇನ್ನೊಂದು ಸಲ ಸ್ವಾಮಿ.”

ಢಬ್.

ಭಾವ ನನ್ನ ಕಡೆ ನೋಡ್ತಿದ್ದರು. ಈ ಸಲ ನಗಲಿಲ್ಲ, ಅದು ಇನ್ನೂ ಕಷ್ಟ. ಯಾರೋ “ಅಯ್ಯೋ ಪಾಪ” ಅಂದರು. ನಾನು ಇವರ ಕಡೆ ನೋಡಿದೆ. ಬಾಯಿ ತೆಗೆದರು, ಮಾತು ಸಿಕ್ಕಿಹಾಕ್ಕೊಂಡಿತು. “ತಾಳಿ, ನೋಡ್ತೀನಿ” ಅಂದೆ.

ಹೊಗೆ ಕೊಳವೆಗೆ ಹೋಗಬೇಕಾದ ಬೆಂಕಿ ಕಾರ್ಬುರೇಟರ್ ಕಡೆ ವಾಪಸ್ ಬರ್ತಿದೆ ಅಂದರೆ ಕಿಡಿ ಬರಬಾರದ ಹೊತ್ತಿಗೆ ಬರ್ತಿದೆ. ಕಿಡಿ ಹಂಚೋದು ಡಿಸ್ಟ್ರಿಬ್ಯೂಟರ್. ಮುಚ್ಚಳ ಬಿಚ್ಚಿದೆ. ಒಂದನೇ ಪಿಸ್ಟನ್ ಮೇಲೆ ಬಂದಾಗ ಡಿಸ್ಟ್ರಿಬ್ಯೂಟರಿನೊಳಗೆ ತಿರುಗೋ ಮುಳ್ಳು ಎಲ್ಲಿರಬೇಕೋ ಅದಕ್ಕೆ ಸರಿಯಾಗಿ ಎದುರು ದಿಕ್ಕಿಗಿತ್ತು. ಕೂರಿಸೋವಾಗ ಅರ್ಧ ಸುತ್ತು ತಪ್ಪಿಸಿದ್ದೆ. ಅಷ್ಟೇನಾ! ಎತ್ತಿ, ತಿರುಗಿಸಿ, ಕೂರಿಸಿ, ಸೆರಗಲ್ಲಿ ಕೈ ಒರೆಸ್ಕೊಂಡೆ.

“ಈಗ ಹಾಕಿ.”

ಒಂದೇ ಸುತ್ತಿಗೆ ಹತ್ಕೊಂತು. ಮೊದಲು ಒಂದಿಷ್ಟು ನೀಲಿ ಹೊಗೆ, ಆಮೇಲೆ ಅದೂ ಇಲ್ಲ. ಬಾನೆಟ್ ಮೇಲೆ ನೀರು ತುಂಬಿದ ಲೋಟ ಇಡಿಸಿದರು ಪರಮಶಿವಯ್ಯನವರು, ಒಂದು ತೊಟ್ಟೂ ತುಳುಕಲಿಲ್ಲ. ಸ್ವಾಮಿಗಳ ಶರಣಂ ಘೋಷ ಸಾರಕ್ಕಿ ಕೆರೆವರೆಗೂ ಕೇಳಿರಬೇಕು. ಸಂಜೀವಯ್ಯ ನನ್ನ ಕಾಲಿಗೇ ಬೀಳೋಕೆ ಬಂದ. ಇವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳ್ತಾ ಎಡಗೈಯಲ್ಲಿ ತೊಡೆ ಮೇಲೆ ತಾಳ ಹಾಕ್ತಿದ್ದರು.

“ಹೊಸ ಇಂಜಿನ್ ಇದ್ದ ಹಾಗೆ ಸ್ವಾಮಿ, ನಲವತ್ತರ ಮೇಲೆ ಓಡಿಸಬೇಡಿ. ಘಾಟಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಹೋಗಿ” ಅಂದೆ. ಪರಮಶಿವಯ್ಯನವರು ಕೈ ಮುಗಿದು, “ಆಗಲಿ ಮೇಸ್ತ್ರಿ” ಅಂದರು. ಇವರಿಗೆ ಹೇಳಿದರೋ ನನಗೋ ಅಂತ ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ.

೧೪ ಜನವರಿ, ಶುಕ್ರವಾರ. ಸಂಕ್ರಾಂತಿ

ಹಬ್ಬ ಅಂತ ಸುಮ್ಮನೆ ಕೂರೋ ಹಾಗಿಲ್ಲ. ಮೊನ್ನೆ ಬಿ.ಟಿ.ಎಂ. ಲೇಔಟಿನವರು ಯಾರೋ ಮೆಟಡೋರ್ ವ್ಯಾನಿನ ಇಂಜಿನ್ ತಂದು ಇಳಿಸಿ ಹೋದರು. ಅಂಬಾಸಿಡರಿಗಿಂತ ಭಾರ. ತೂಗಿಹಾಕಿ ಗೆರೆ ಹಾಕಿದೆ, ಇದರ ಎದೆ ಇನ್ನೂ ಮೇಲಿದೆ. ಸಂಜೀವಯ್ಯನಿಗೆ ಸ್ಟ್ಯಾಂಡಿನ ಕಾಲು ಇನ್ನೊಂದು ಗೇಣು ಉದ್ದ ಮಾಡೋಕೆ ಹೇಳಿದೀನಿ. ಇವರಿಗೆ ಎಡಗೈಗೆ ಅನುಕೂಲವಾಗೋ ಹಾಗೆ ಒಂದು ಗಿಡ್ಡ ಹಿಡಿಯ ಸ್ಪ್ಯಾನರ್ ಮಾಡಿಸಬೇಕು. ಬೆಳಿಗ್ಗೆ ಎದ್ದ ತಕ್ಷಣ “ಷೆಡ್ಡು, ಷೆಡ್ಡು” ಅಂತಾರೆ. ಕಾಫಿ ಕುಡೀರಿ ಮೊದಲು ಅಂತ ಗದರಿದೆ.

ಸಾಯಂಕಾಲ ಹಸು ಎತ್ತಿಗೆಲ್ಲ ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸೋಕೆ ಕರ್ಕೊಂಡು ಬಂದ್ರು ಭಾವ. ನಾನು ಮೆಟಡೋರಿನ ಹೊಟ್ಟೆಯೊಳಗೆ ಕೈ ಹಾಕಿದ್ದೆ. ಷೆಡ್ಡಿನ ಬಾಗಿಲ ಹತ್ತಿರ ಕೆಮ್ಮಿದ ಸದ್ದಾಯ್ತು. ನೋಡಿದರೆ ಭಾವ, ಹೊಸ್ತಿಲ ಆಚೆ, ಕೈಯಲ್ಲಿ ಹಗ್ಗ.

“ಸೊಣ್ಣಮ್ಮ, ಬೆಂಕಿ ಹಾಕೋದು ಇನ್ನೊಂದು ಗಳಿಗೆ ಆಗುತ್ತಂತೆ. ಅಲ್ಲಿವರೆಗೂ ಹಸುಗಳನ್ನ ನಿನ್ನ ಷೆಡ್ಡಿನ ಮುಂದೆ ಕಟ್ಟಲಾ?”

“ಕಟ್ಟಿ ಭಾವ. ಆದರೆ ಬಾಗಿಲಿಗೆ ಎದುರಾಗಿ ಬೇಡ, ಆ ಹೊಂಗೆ ಮರದ ಕಡೆ ಕಟ್ಟಿ. ಇಂಜಿನ್ ತೆರೆದಿದೆ, ಧೂಳು ಬೀಳುತ್ತೆ.”

“ಹೂಂ, ಸರಿ ಸರಿ” ಅಂತ ಹಸುಗಳನ್ನ ಹಿಡ್ಕೊಂಡು ಆ ಕಡೆ ಹೋದರು.